ಸೊಸೈಟಿಯ ಲೆಕ್ಕ ಯಾರ ಕೈಯಲ್ಲಿ? ಸ್ವಂತ ಸರ್ವರ್, ಹೈಬ್ರಿಡ್, ಮಲ್ಟಿ ಕ್ಲೌಡ್ ಆಯ್ಕೆಗಳ ಸುತ್ತ

ಅಡಿಕೆ ಮತ್ತು ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆಗೆ ನೋಂದಣಿ ನಡೆಯುವುದು ಮಳೆಗಾಲದಲ್ಲಿ. ಗಡುವಿನ ಕೊನೆಯ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಸೊಸೈಟಿಗಳ ಕೌಂಟರ್ ಮುಂದೆ ಕೃಷಿಕರ ಸಾಲು ಸಾಮಾನ್ಯ ದೃಶ್ಯ. ಹೊರಗೆ ಬಿಡದ ಮಳೆ, ಒಳಗೆ ಕರೆಂಟ್ ಹೋಗಿ ಕೂಗುತ್ತಿರುವ ಯುಪಿಎಸ್, ಪರದೆಯ ಮೇಲೆ ತಿರುಗುತ್ತಲೇ ಇರುವ ಚಕ್ರ. ಆ ಹೊತ್ತಿಗೆ ಸಂಪರ್ಕ ಕಡಿದರೆ ಕೃಷಿಕನಿಗೆ ಆಗುವ ನಷ್ಟ ಒಂದು ದಿನದ್ದಲ್ಲ, ಇಡೀ ಒಂದು ವರ್ಷದ ವಿಮಾ ರಕ್ಷಣೆಯದ್ದು.

ಬೆಳೆ ಸಾಲದ ಮಾತೂ ಹೀಗೆಯೇ. ರಾಜ್ಯ ಸರ್ಕಾರ 2023-24ನೇ ಸಾಲಿನ ಬಜೆಟ್‌ನಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆದರೆ ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಮರುಪಾವತಿ ಮಾಡಿದವರಿಗೆ ಮಾತ್ರ. ಹಣ ಕಟ್ಟಿದ ದಿನಾಂಕ ಕಡತದಲ್ಲಿ ಸರಿಯಾಗಿ ದಾಖಲಾಗಿದೆಯೇ ಎಂಬುದರ ಮೇಲೆ ಸಾವಿರಾರು ರೂಪಾಯಿಗಳ ಲೆಕ್ಕ ನಿಂತಿದೆ. ಒಂದು ಕಾಲದಲ್ಲಿ ಈ ದಾಖಲೆ ಕೆಂಪು ಬಟ್ಟೆಯ ಲೆಡ್ಜರ್‌ನಲ್ಲಿತ್ತು. ಈಗ ಸಂಘದ ಹಿಂಬದಿಯ ಕೋಣೆಯ ಸರ್ವರ್‌ನಲ್ಲೋ, ಮುಂಬಯಿಯ ಯಾವುದೋ ದತ್ತಾಂಶ ಕೇಂದ್ರದಲ್ಲೋ ಇದೆ.

ಆದ್ದರಿಂದ ಬೆಂಗಳೂರಿನ ಐಟಿ ಕಂಪನಿಗಳ ಸಭೆಗಳಲ್ಲಿ ಚರ್ಚೆಯಾಗುವ 'ಹೈಬ್ರಿಡ್ ಕ್ಲೌಡೋ, ಮಲ್ಟಿ ಕ್ಲೌಡೋ' ಎಂಬ ಪ್ರಶ್ನೆ ಈ ಮೂರು ತಾಲೂಕುಗಳಿಗೂ ಹೊರಗಿನದ್ದಲ್ಲ. ಸ್ವಂತ ಸರ್ವರ್ ಕೊಠಡಿ ಕಟ್ಟಿಕೊಂಡಿರುವ ಸಹಕಾರಿ ಸಂಘ, ಆಸ್ಪತ್ರೆ, ಕಾಲೇಜು, ಕಾರ್ಖಾನೆಗಳೆಲ್ಲ ಇಂದಲ್ಲ ನಾಳೆ ಇದಕ್ಕೆ ಉತ್ತರ ಹುಡುಕಲೇಬೇಕು.

ಸಹಕಾರದ ತವರಿನಲ್ಲಿ ದತ್ತಾಂಶದ ರಾಶಿ

ಅವಿಭಜಿತ ದಕ್ಷಿಣ ಕನ್ನಡದಲ್ಲಿ ಸಹಕಾರ ಚಳವಳಿಗೆ ಬುನಾದಿ ಬಿದ್ದದ್ದು ಪುತ್ತೂರಿನಲ್ಲಿ. ಮೊಳಹಳ್ಳಿ ಶಿವರಾಯರು ಶತಮಾನದ ಹಿಂದೆ ಹಾಕಿದ ಆ ಬುನಾದಿಯ ಮೇಲೆಯೇ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕ್ ಹುಟ್ಟಿತು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರ ಸಂಸ್ಥೆಯಾಗಿ ಕ್ಯಾಂಪ್ಕೊ ಸ್ಥಾಪನೆಯಾಯಿತು. 1986ರಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಪುತ್ತೂರಿನ ಕೆಮ್ಮಿಂಜೆಯಲ್ಲಿ ಆರಂಭವಾಯಿತು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ವಿದ್ಯಾಸಂಸ್ಥೆಗಳ ಸಮೂಹದಲ್ಲಿ ವೈದ್ಯಕೀಯ ಕಾಲೇಜೂ ಇದೆ, ಎಂಜಿನಿಯರಿಂಗ್ ಕಾಲೇಜೂ ಇದೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯಕ್ಕೆ ನಾಡಿನೆಲ್ಲೆಡೆಯಿಂದ ಭಕ್ತರು ಬರುತ್ತಾರೆ.

ಇಂಥ ಊರುಗಳಲ್ಲಿ ಸಂಗ್ರಹವಾಗುವ ದತ್ತಾಂಶ ಅಲ್ಪವಲ್ಲ. ಇಲ್ಲಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಸಾಲ ಕೊಡುವುದಕ್ಕಷ್ಟೇ ಸೀಮಿತವಾಗಿಲ್ಲ. ಠೇವಣಿ ಸ್ವೀಕರಿಸುತ್ತವೆ, ಚಿನ್ನದ ಮೇಲೆ ಸಾಲ ನೀಡುತ್ತವೆ, ಗೊಬ್ಬರ ಮತ್ತು ಮೈಲುತುತ್ತು ಮಾರುತ್ತವೆ, ಪಡಿತರ ವಿತರಿಸುತ್ತವೆ. ಸದಸ್ಯನ ಆಧಾರ್ ಸಂಖ್ಯೆ, ಪಹಣಿ, ಪಾಲು ಬಂಡವಾಳ, ಅಡವಿಟ್ಟ ಚಿನ್ನದ ತೂಕ, ನಾಮಿನಿಯ ಹೆಸರು ಎಲ್ಲವೂ ಒಂದೇ ಕಡೆ ಇರುತ್ತವೆ. ಪಟ್ಟಣದ ದೊಡ್ಡ ಬ್ಯಾಂಕಿನ ಶಾಖೆಗೆ ತನ್ನ ಗ್ರಾಹಕನ ಬಗ್ಗೆ ಇಷ್ಟು ಗೊತ್ತಿರುವುದಿಲ್ಲ.

ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿತು. ನಬಾರ್ಡ್ ಮೂಲಕ ದೇಶಕ್ಕೆಲ್ಲ ಒಂದೇ ಬಗೆಯ ತಂತ್ರಾಂಶ, ಕೇಂದ್ರೀಕೃತ ದತ್ತಾಂಶ ಎಂಬುದು ಅದರ ತಿರುಳು. ಗಣಕಯಂತ್ರವನ್ನೇ ಕಾಣದ ಸಂಘಗಳಿಗೆ ಇದು ವರದಾನ. ಆದರೆ ಮೊದಲೇ ಸ್ವಂತ ತಂತ್ರಾಂಶ, ಸ್ವಂತ ಸರ್ವರ್ ಹೊಂದಿ ಹಲವು ವ್ಯವಹಾರ ನಡೆಸುತ್ತಿರುವ ಸಂಘಗಳ ಪ್ರಶ್ನೆ ಬೇರೆ. ಹಳೆಯ ದಾಖಲೆಗಳನ್ನು ಎಲ್ಲಿಡಬೇಕು? ಕೇಂದ್ರದ ತಂತ್ರಾಂಶದ ಹೊರಗೆ ಉಳಿಯುವ ವ್ಯವಹಾರಗಳ ಲೆಕ್ಕ ಎಲ್ಲಿರಬೇಕು? ಇರುವ ಸರ್ವರ್ ಕೊಠಡಿಯನ್ನು ಮುಚ್ಚಬೇಕೇ, ಉಳಿಸಿಕೊಳ್ಳಬೇಕೇ?

ಎರಡು ಪದಗಳು, ಎರಡು ಉದ್ದೇಶಗಳು

ಈ ಎರಡು ಪದಗಳನ್ನು ಮಾರಾಟ ಪ್ರತಿನಿಧಿಗಳು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಅರ್ಥ ಮಾತ್ರ ಬೇರೆ ಬೇರೆ.

ಸ್ವಂತ ಸರ್ವರ್ ಕೊಠಡಿಯನ್ನು ಉಳಿಸಿಕೊಂಡು, ಅದರ ಜೊತೆಗೆ ಹೊರಗಿನ ಕ್ಲೌಡ್ ಸೇವೆಯನ್ನು ಬಾಡಿಗೆಗೆ ಪಡೆದು, ಎರಡನ್ನೂ ಒಂದೇ ವ್ಯವಸ್ಥೆಯಂತೆ ನಿರ್ವಹಿಸುವುದು ಹೈಬ್ರಿಡ್ ಕ್ಲೌಡ್. ಅಡಿಕೆ ಕೃಷಿಕ ಮನೆಯ ಅಟ್ಟದಲ್ಲಿ ಸ್ವಲ್ಪ ದಾಸ್ತಾನು ಇಟ್ಟು, ಉಳಿದದ್ದನ್ನು ಸಂಘದ ಗೋದಾಮಿಗೆ ಹಾಕುವಂತೆ. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್‌ನಂಥ ಎರಡು ಅಥವಾ ಹೆಚ್ಚು ಕಂಪನಿಗಳ ಸೇವೆಯನ್ನು ಏಕಕಾಲದಲ್ಲಿ ಬಳಸುವುದು ಮಲ್ಟಿ ಕ್ಲೌಡ್. ಇದು ಎರಡು ಗೋದಾಮುಗಳಲ್ಲಿ ದಾಸ್ತಾನು ಇಟ್ಟಂತೆ. ಮನೆಯ ಅಟ್ಟ ಇರಲೂಬಹುದು, ಇಲ್ಲದಿರಲೂಬಹುದು.

ಹೈಬ್ರಿಡ್ ಉತ್ತರಿಸುವ ಪ್ರಶ್ನೆ 'ಯಾವುದು ನಮ್ಮ ಬಳಿ ಇರಬೇಕು?' ಎಂಬುದು. ಮಲ್ಟಿ ಕ್ಲೌಡ್ ಉತ್ತರಿಸುವ ಪ್ರಶ್ನೆ 'ಒಬ್ಬನನ್ನೇ ನಂಬಬೇಕೇ?' ಎಂಬುದು. ಮೊದಲು ತನ್ನ ಪ್ರಶ್ನೆ ಯಾವುದೆಂದು ತಿಳಿಯದೆ ಉತ್ತರ ಖರೀದಿಸುವ ಸಂಸ್ಥೆ ಹಣ ಕಳೆದುಕೊಳ್ಳುತ್ತದೆ.

ಸ್ವಂತ ಕೊಠಡಿಯ ಬಲ ಮತ್ತು ದೌರ್ಬಲ್ಯ

ಸ್ವಂತ ಸರ್ವರ್‌ನ ದೊಡ್ಡ ಬಲವೆಂದರೆ ಹೊರಗಿನ ಸಂಪರ್ಕ ಕಡಿದರೂ ಒಳಗಿನ ಕೆಲಸ ನಿಲ್ಲದಿರುವುದು. ಈ ಭಾಗದಲ್ಲಿ ಇದು ಸಣ್ಣ ಮಾತಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ ಪರಿಸರದಲ್ಲಿ ಗುಡ್ಡ ಕುಸಿದು ಸಂಪಾಜೆ–ಮಡಿಕೇರಿ ರಸ್ತೆ ಸಂಪರ್ಕವೇ ಕಡಿದುಹೋಗಿತ್ತು. ಶಿರಾಡಿ ಘಾಟಿಯಲ್ಲಿ ಮಳೆಗಾಲದ ಕುಸಿತ ಹೊಸ ಸುದ್ದಿಯೇ ಅಲ್ಲ. ಸಂಪರ್ಕ ಕೇಬಲ್‌ಗಳು ಹೆಚ್ಚಾಗಿ ಸಾಗುವುದು ಇದೇ ರಸ್ತೆಗಳ ಬದಿಯಲ್ಲಿ. ರಸ್ತೆ ಕುಸಿದರೂ ಕೇಬಲ್ ಹೋಗುತ್ತದೆ, ರಸ್ತೆ ಅಗಲಗೊಳಿಸಲು ಜೆಸಿಬಿ ಅಗೆದರೂ ಕೇಬಲ್ ಹೋಗುತ್ತದೆ.

ದೌರ್ಬಲ್ಯಗಳೂ ಇಲ್ಲಿಯವೇ. ಏಪ್ರಿಲ್–ಮೇ ಮತ್ತು ಅಕ್ಟೋಬರ್‌ನ ಸಿಡಿಲು, ಮಳೆಗಾಲದ ತೇವ, ಮರ ಬಿದ್ದು ಕಡಿಯುವ ವಿದ್ಯುತ್ ತಂತಿ. 110 ಕೆ.ವಿ. ವಿದ್ಯುತ್ ಮಾರ್ಗಕ್ಕಾಗಿ ಸುಳ್ಯ ವರ್ಷಗಟ್ಟಲೆ ಕಾದ ಕಥೆ ಈ ಭಾಗದ ಓದುಗರಿಗೆ ಗೊತ್ತೇ ಇದೆ. ಇದಕ್ಕಿಂತ ದೊಡ್ಡ ಕೊರತೆ ಜನರದ್ದು. ಪುತ್ತೂರು ಮತ್ತು ಸುಳ್ಯದ ಎಂಜಿನಿಯರಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ಯುವಕ ಯುವತಿಯರು ಬೆಂಗಳೂರಿನ ಬಸ್ ಹತ್ತುತ್ತಾರೆ. ಊರಿನ ಸರ್ವರ್ ಕೊಠಡಿಯನ್ನು ನೋಡಿಕೊಳ್ಳುವ ಹೊಣೆ ಬಹುತೇಕ ಒಬ್ಬನೇ ಸಿಬ್ಬಂದಿಯ ಮೇಲೆ ಬೀಳುತ್ತದೆ. ಅವನು ರಜೆ ಹಾಕಿದ ದಿನ ಕೊಠಡಿಗೂ ರಜೆ.

'ನಮ್ಮದು ನಮ್ಮ ಬಳಿಯೇ ಇದೆ, ಭಯವಿಲ್ಲ' ಎನ್ನುವವರು ದಕ್ಷಿಣ ಕೊರಿಯಾವನ್ನು ನೋಡಬೇಕು. 2025ರ ಸೆಪ್ಟೆಂಬರ್ 26ರಂದು ಡೇಜಿಯಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಯುಪಿಎಸ್ ಬ್ಯಾಟರಿಗಳನ್ನು ಸ್ಥಳಾಂತರಿಸುವಾಗ ಬೆಂಕಿ ಹೊತ್ತಿಕೊಂಡಿತು. ನೂರಾರು ಸರ್ಕಾರಿ ಸೇವೆಗಳು ಸ್ಥಗಿತಗೊಂಡವು. ನೌಕರರು ಕಡತಗಳನ್ನು ಇಟ್ಟಿದ್ದ 'ಜಿ-ಡ್ರೈವ್' ಎಂಬ ಸಂಗ್ರಹದ 858 ಟೆರಾಬೈಟ್ ದತ್ತಾಂಶ ಸುಟ್ಟುಹೋಯಿತು. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ತಂತ್ರಜ್ಞಾನದಲ್ಲಿ ಜಗತ್ತಿಗೆ ಮಾದರಿ ಎನಿಸಿಕೊಂಡ ದೇಶವೊಂದು ಬ್ಯಾಟರಿ ಬೆಂಕಿಯಲ್ಲಿ ತನ್ನ ಕಡತ ಕಳೆದುಕೊಂಡಿತು ಎಂದಾದರೆ, ಸ್ಟೇಷನರಿ ದಾಸ್ತಾನಿನ ಪಕ್ಕದಲ್ಲೇ ಯುಪಿಎಸ್ ಇಟ್ಟಿರುವ ಸಂಘಗಳು ಎಷ್ಟರ ಮಟ್ಟಿಗೆ ಸುರಕ್ಷಿತ?

ಹೊರಗಿನವರನ್ನು ನಂಬಿದರೆ?

ಹಾಗೆಂದು ಎಲ್ಲವನ್ನೂ ಹೊರಗಿನವರಿಗೆ ಒಪ್ಪಿಸಿದರೆ ನಿಶ್ಚಿಂತೆಯೇ? ಅದೂ ಇಲ್ಲ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಬ್ಯಾಂಕುಗಳಿಗೆ ಹಾಗೂ ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಟೆಕ್ನಾಲಜೀಸ್ ಸಂಸ್ಥೆ ಸುಲಿಗೆ ತಂತ್ರಾಂಶದ ದಾಳಿಗೆ ತುತ್ತಾಯಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಆ ಸಂಸ್ಥೆಯ ಸಂಪರ್ಕವನ್ನು ತಾತ್ಕಾಲಿಕವಾಗಿ ಕಡಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಮುಂತಾದ ಸೇವೆಗಳು ದೊರೆಯಲಿಲ್ಲ. ಮರುದಿನ ಸೇವೆ ಮರಳಿತು ನಿಜ. ಆದರೆ ತಪ್ಪು ಮಾಡದ 300 ಬ್ಯಾಂಕುಗಳು ಒಂದೇ ಬಾಗಿಲಿನ ಹಿಂದೆ ನಿಂತಿದ್ದವು ಎಂಬ ಸತ್ಯ ಅಂದು ಬಯಲಾಯಿತು.

ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಪ್ರಕರಣ ಇನ್ನೂ ಹೆಚ್ಚು ಪಾಠ ಹೇಳುತ್ತದೆ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಆ ಸಂಸ್ಥೆ ತನ್ನ ವ್ಯವಸ್ಥೆಯನ್ನು ಗೂಗಲ್ ಕ್ಲೌಡ್‌ಗೆ ಸಾಗಿಸಿತ್ತು. ಸೇವೆಯನ್ನು ಸಿದ್ಧಪಡಿಸುವಾಗ ಗೂಗಲ್ ಕಡೆಯಿಂದ ಒಂದು ಅಂಕಣ ಖಾಲಿ ಉಳಿದಿತ್ತು. ಅದರಿಂದಾಗಿ ಅವಧಿ ಮುಗಿದಂತೆ ಭಾವಿಸಿದ ಯಂತ್ರ 2024ರ ಮೇ ತಿಂಗಳಲ್ಲಿ ಇಡೀ ಖಾಸಗಿ ಕ್ಲೌಡನ್ನೇ ಅಳಿಸಿಹಾಕಿತು. ದಾಳಿಕೋರರಿಲ್ಲ, ಬೆಂಕಿಯಿಲ್ಲ, ಬರೀ ಒಂದು ಖಾಲಿ ಅಂಕಣ. ಸದಸ್ಯರು ಒಂದು ವಾರದಷ್ಟು ಕಾಲ ತಮ್ಮ ಖಾತೆ ನೋಡಲಾಗಲಿಲ್ಲ. ಸಂಸ್ಥೆಯನ್ನು ಉಳಿಸಿದ್ದು ಪ್ರತ್ಯೇಕವಾಗಿ ಇಟ್ಟಿದ್ದ ಪ್ರತಿಗಳು. ಅವುಗಳಲ್ಲಿ ಬೇರೊಂದು ಸೇವಾ ಸಂಸ್ಥೆಯ ಬಳಿ ಇಟ್ಟಿದ್ದ ಪ್ರತಿಯೂ ಸೇರಿತ್ತು.

ಯೂನಿಸೂಪರ್ ಎರಡು ಕ್ಲೌಡ್‌ಗಳಲ್ಲಿ ಏಕಕಾಲಕ್ಕೆ ವ್ಯವಹಾರ ನಡೆಸುತ್ತಿರಲಿಲ್ಲ. ನಡೆಸುತ್ತಿದ್ದುದು ಒಂದರಲ್ಲಿ, ಪ್ರತಿ ಇಟ್ಟಿದ್ದುದು ಇನ್ನೊಂದರಲ್ಲೂ. ಮಲ್ಟಿ ಕ್ಲೌಡ್‌ನ ಪೂರ್ಣ ವೆಚ್ಚ ಹೊರದೆ ಅದರ ಮುಖ್ಯ ಪ್ರಯೋಜನ ಪಡೆಯುವ ದಾರಿ ಇದೇ.

ಎರಡಿದ್ದರೆ ಎರಡು ಪಟ್ಟು ಭದ್ರವೇ?

ಎರಡು ಕ್ಲೌಡ್ ಇದ್ದರೆ ಒಂದು ಕೆಟ್ಟರೂ ಇನ್ನೊಂದು ನಡೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಲೆಕ್ಕ ಹಾಕಿ ನೋಡೋಣ. ಶೇ 99.9ರ ಭರವಸೆಯ ಸೇವೆ ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಕೆಡಬಹುದು ಎಂದರ್ಥ. ಸದಸ್ಯರ ಖಾತೆ ಒಂದು ಕಂಪನಿಯ ಕ್ಲೌಡ್‌ನಲ್ಲಿ, ಲಾಗಿನ್ ವ್ಯವಸ್ಥೆ ಇನ್ನೊಂದರಲ್ಲಿ ಇದ್ದರೆ ಕೌಂಟರ್ ತೆರೆಯಲು ಎರಡೂ ಬೇಕು. ಆಗ ಭರವಸೆ ಶೇ 99.8ಕ್ಕೆ ಇಳಿಯುತ್ತದೆ, ಕೆಡಬಹುದಾದ ಅವಧಿ ಸುಮಾರು ಹದಿನೇಳೂವರೆ ಗಂಟೆಗೆ ಏರುತ್ತದೆ. ಕೆಲಸವನ್ನು ಎರಡು ಕಡೆ ಹಂಚಿದರೆ ಭದ್ರತೆ ಹೆಚ್ಚುವುದಿಲ್ಲ, ಕಡಿಮೆಯಾಗುತ್ತದೆ.

ಭದ್ರತೆ ಹೆಚ್ಚುವುದು ಇಡೀ ವ್ಯವಸ್ಥೆ ಎರಡೂ ಕಡೆ ಪೂರ್ಣವಾಗಿ ಸಿದ್ಧವಿದ್ದಾಗ, ಒಂದರ ದತ್ತಾಂಶ ಕ್ಷಣಕ್ಷಣಕ್ಕೂ ಇನ್ನೊಂದಕ್ಕೆ ನಕಲಾಗುತ್ತಿದ್ದಾಗ, ಕೆಟ್ಟ ಕೂಡಲೇ ಬದಲಾಯಿಸುವ ಅಭ್ಯಾಸ ಸಿಬ್ಬಂದಿಗಿದ್ದಾಗ. ಅದಕ್ಕೆ ಎರಡು ಬಾಡಿಗೆ, ಎರಡು ಬಗೆಯ ಭದ್ರತಾ ನಿಯಮಗಳು ಮತ್ತು ಎರಡನ್ನೂ ಬಲ್ಲ ತಂತ್ರಜ್ಞರು ಬೇಕು. ಶೇರು ವಿನಿಮಯ ಕೇಂದ್ರಕ್ಕೋ ದೊಡ್ಡ ಬ್ಯಾಂಕಿಗೋ ಇದು ಸಾಧ್ಯ. ಒಬ್ಬನೇ ತಂತ್ರಜ್ಞನಿರುವ ಸಂಸ್ಥೆಗೆ ಇದು ಆಗದ ಹೋಗದ ಮಾತು.

2025ರ ಅಕ್ಟೋಬರ್ 20ರಂದು ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಕೇಂದ್ರದಲ್ಲಿ ವಿಳಾಸ ಸೂಚಿಯ ದೋಷ ಕಾಣಿಸಿಕೊಂಡು ಜಗತ್ತಿನ ಅನೇಕ ತಾಣಗಳು ಗಂಟೆಗಟ್ಟಲೆ ನಿಂತವು. ಕೆಟ್ಟದ್ದು ಒಂದು ವಲಯ ಮಾತ್ರ. ಅದೇ ಕಂಪನಿಯ ಬೇರೆ ವಲಯಗಳಲ್ಲಿ ಸ್ವತಂತ್ರವಾಗಿ ನಡೆಯುತ್ತಿದ್ದ ವ್ಯವಸ್ಥೆಗಳು ಉಳಿದವು. ಭಾರತದಲ್ಲಿ ಅಮೆಜಾನ್‌ಗೆ ಮುಂಬಯಿ ಮತ್ತು ಹೈದರಾಬಾದ್, ಗೂಗಲ್‌ಗೆ ಮುಂಬಯಿ ಮತ್ತು ದೆಹಲಿ, ಮೈಕ್ರೋಸಾಫ್ಟ್‌ಗೆ ಪುಣೆ, ಚೆನ್ನೈ, ಮುಂಬಯಿ ವಲಯಗಳಿವೆ. ಒಂದೇ ಕಂಪನಿಯ ಎರಡು ವಲಯಗಳನ್ನು ಬಳಸುವುದು ಎರಡು ಕಂಪನಿಗಳನ್ನು ಬಳಸುವುದಕ್ಕಿಂತ ಸುಲಭ, ಅಗ್ಗ. ಎಷ್ಟೋ ಸಂಸ್ಥೆಗಳಿಗೆ ಅಷ್ಟೇ ಸಾಕು.

ವೇದಿಕೆಗಳ ಹೋಲಿಕೆ

ಸ್ವಂತ ಕೊಠಡಿಯನ್ನು ಕ್ಲೌಡ್‌ಗೆ ಜೋಡಿಸುವ ವೇದಿಕೆಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು ಕ್ಲೌಡ್ ಕಂಪನಿಗಳೇ ನಮ್ಮ ಕೊಠಡಿಯೊಳಗೆ ತಂದಿಡುವ ವ್ಯವಸ್ಥೆ. ಅಮೆಜಾನ್‌ನ ಔಟ್‌ಪೋಸ್ಟ್ಸ್, ಮೈಕ್ರೋಸಾಫ್ಟ್‌ನ ಅಜೂರ್ ಲೋಕಲ್, ಗೂಗಲ್‌ನ ಡಿಸ್ಟ್ರಿಬ್ಯೂಟೆಡ್ ಕ್ಲೌಡ್ ಈ ಗುಂಪಿಗೆ ಸೇರಿವೆ. ನಿರ್ವಹಣೆ ಸುಲಭ, ಆದರೆ ಹಗ್ಗದ ತುದಿ ಅವರ ಕೈಯಲ್ಲಿ. ಔಟ್‌ಪೋಸ್ಟ್ಸ್ ತನ್ನ ಮೂಲ ವಲಯದೊಂದಿಗೆ ಸದಾ ಸಂಪರ್ಕದಲ್ಲಿರಬೇಕೆಂಬ ಲೆಕ್ಕಾಚಾರದಲ್ಲಿ ರೂಪುಗೊಂಡಿದೆ. ಸಂಪರ್ಕ ಕಡಿದಾಗ ನಡೆಯುತ್ತಿರುವ ಯಂತ್ರಗಳು ನಡೆಯಬಹುದು, ಹೊಸದಾಗಿ ಏನನ್ನೂ ಬದಲಿಸಲಾಗದು. ಅಜೂರ್ ಲೋಕಲ್ ಸಾಮಾನ್ಯ ಬಳಕೆಯಲ್ಲಿ 30 ದಿನಗಳಿಗೊಮ್ಮೆಯಾದರೂ ಮೂಲ ಸೇವೆಯನ್ನು ಸಂಪರ್ಕಿಸಬೇಕು. ಮಳೆಗಾಲದಲ್ಲಿ ಸಂಪರ್ಕ ಹೋಗಿ ಬರುವ ಕಡೆ ಈ ವ್ಯತ್ಯಾಸ ಗಮನಾರ್ಹ.

ಎರಡನೆಯದು ಯಾವ ಕ್ಲೌಡ್‌ಗೂ ಸೇರದ ಮಧ್ಯವರ್ತಿ ವೇದಿಕೆಗಳು: ವಿಎಂವೇರ್, ನ್ಯೂಟಾನಿಕ್ಸ್, ರೆಡ್ ಹ್ಯಾಟ್‌ನ ಓಪನ್‌ಶಿಫ್ಟ್. ಒಂದೇ ಪದ್ಧತಿಯನ್ನು ಸ್ವಂತ ಕೊಠಡಿಯಲ್ಲೂ ಹಲವು ಕ್ಲೌಡ್‌ಗಳಲ್ಲೂ ಬಳಸಬಹುದೆಂಬುದು ಇವುಗಳ ಆಕರ್ಷಣೆ. ಆದರೆ ಮಧ್ಯವರ್ತಿಯ ಮೇಲಿನ ಅವಲಂಬನೆಯೂ ಅವಲಂಬನೆಯೇ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಖರೀದಿಸಿತು. ಮರು ತಿಂಗಳೇ ಒಮ್ಮೆ ಹಣ ಕೊಟ್ಟು ಶಾಶ್ವತವಾಗಿ ಬಳಸುವ ಪರವಾನಗಿಯ ಮಾರಾಟ ನಿಲ್ಲಿಸಿ ಚಂದಾ ಪದ್ಧತಿ ತಂದಿತು. ಯಂತ್ರ ನಮ್ಮದು, ಕೊಠಡಿ ನಮ್ಮದು, ಕರೆಂಟ್ ಬಿಲ್ಲೂ ನಮ್ಮದು. ಆದರೂ ಷರತ್ತು ಮಾತ್ರ ಬೇರೆಯವರದು ಎಂಬ ಸ್ಥಿತಿ ಜಗತ್ತಿನ ಸಾವಿರಾರು ಸಂಸ್ಥೆಗಳಿಗೆ ಎದುರಾಯಿತು.

ಮೂರನೆಯದು ಮುಕ್ತ ತಂತ್ರಾಂಶಗಳ ದಾರಿ: ಪ್ರಾಕ್ಸ್‌ಮಾಕ್ಸ್, ಓಪನ್‌ಸ್ಟ್ಯಾಕ್, 2014ರಲ್ಲಿ ಗೂಗಲ್ ಮುಕ್ತಗೊಳಿಸಿದ ಕ್ಯುಬರ್ನೆಟಿಸ್. ಪರವಾನಗಿ ವೆಚ್ಚ ಕಡಿಮೆ, ಕಟ್ಟುಪಾಡು ಕಡಿಮೆ. ಆದರೆ ಕೆಟ್ಟಾಗ ಸರಿಪಡಿಸಲು ಬಲ್ಲವರು ಹತ್ತಿರದಲ್ಲಿರಬೇಕು. ಪ್ರಾಕ್ಸ್‌ಮಾಕ್ಸ್‌ನಂಥ ಸರಳ ವ್ಯವಸ್ಥೆ ಎರಡು ಮೂರು ಸರ್ವರ್‌ಗಳ ಸಂಘಕ್ಕೆ ಹೊಂದೀತು. ಓಪನ್‌ಸ್ಟ್ಯಾಕ್ ಅಷ್ಟು ಸಣ್ಣ ಸಂಸ್ಥೆಗೆ ಹೊರೆಯಾದೀತು.

ತಂತಿಯ ಲೆಕ್ಕ, ಹಣದ ಲೆಕ್ಕ

ಕ್ಲೌಡ್‌ನಲ್ಲಿ ಪ್ರತಿ ಇದೆ ಎಂದು ಸಮಾಧಾನಪಡುವವರು ಅದನ್ನು ಮರಳಿ ತರಲು ಎಷ್ಟು ಹೊತ್ತು ಬೇಕೆಂದು ಕೇಳಿಕೊಳ್ಳುವುದು ಅಪರೂಪ. ಸೆಕೆಂಡಿಗೆ 50 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 2 ಟೆರಾಬೈಟ್ ದತ್ತಾಂಶ ಇಳಿಸಲು, ಒಂದು ಕ್ಷಣವೂ ಕಡಿಯದಿದ್ದರೆ, ಸುಮಾರು 89 ಗಂಟೆ ಬೇಕು. ಅಂದರೆ ಹತ್ತಿರ ಹತ್ತಿರ ನಾಲ್ಕು ದಿನ. ವಿಮೆ ನೋಂದಣಿಯ ಕೊನೆಯ ವಾರದಲ್ಲಿ ನಾಲ್ಕು ದಿನ ಎಂದರೆ ಏನೆಂದು ವಿವರಿಸಬೇಕಿಲ್ಲ. ಆದ್ದರಿಂದ ಎರಡು ಎಚ್ಚರಿಕೆ ಅಗತ್ಯ. ಹತ್ತಿರದಲ್ಲೇ, ಆದರೆ ಬೇರೆ ಕಟ್ಟಡದಲ್ಲಿ, ಒಂದು ಪ್ರತಿ ಇರಬೇಕು. ಕ್ಲೌಡ್‌ನಲ್ಲಿರುವ ಪ್ರತಿಯನ್ನು ಊರಿಗೆ ಇಳಿಸದೆ ಅಲ್ಲಿಯೇ ಚಾಲನೆ ಮಾಡುವ ಸಿದ್ಧತೆಯೂ ಇರಬೇಕು.

ಹಣದ ವಿಷಯದಲ್ಲಿ ಸರ್ವರ್ ಖರೀದಿ ಒಮ್ಮೆ ಆಗುವ ಬಂಡವಾಳ ವೆಚ್ಚ, ಕ್ಲೌಡ್ ಪ್ರತಿ ತಿಂಗಳ ಬಾಡಿಗೆ. ವರ್ಷವಿಡೀ ಹಗಲಿರುಳು ಒಂದೇ ಪ್ರಮಾಣದಲ್ಲಿ ನಡೆಯುವ ಕೆಲಸಕ್ಕೆ ಬಾಡಿಗೆ ದುಬಾರಿಯಾಗಬಹುದು. ಕಾಲೇಜಿನ ಪ್ರವೇಶಾತಿ, ಫಲಿತಾಂಶದ ದಿನ, ಜಾತ್ರೆಯ ಸಮಯದ ಸೇವಾ ಬುಕಿಂಗ್‌ನಂತೆ ಕೆಲವೇ ದಿನ ಹೊರೆ ಹೆಚ್ಚುವ ಕೆಲಸಕ್ಕೆ ಬಾಡಿಗೆಯೇ ಲಾಭ. ಅಡುಗೆಗೆ ದಿನವೂ ಬೇಕಾದ ಪಾತ್ರೆಯನ್ನು ಖರೀದಿಸುತ್ತೇವೆ, ಮದುವೆಯ ಹಂಡೆಯನ್ನು ಬಾಡಿಗೆಗೆ ತರುತ್ತೇವೆ.

ಕ್ಲೌಡ್‌ಗೆ ದತ್ತಾಂಶ ಹಾಕುವುದು ಬಹುಮಟ್ಟಿಗೆ ಉಚಿತ, ತೆಗೆಯುವುದಕ್ಕೆ ಶುಲ್ಕ. ಅಮೆಜಾನ್‌ನ ಮುಂಬಯಿ ವಲಯದಿಂದ ಅಂತರ್ಜಾಲದ ಮೂಲಕ ಹೊರತೆಗೆಯುವ ಪ್ರತಿ ಗಿಗಾಬೈಟ್‌ಗೆ ಪ್ರಕಟಿತ ದರ ಸುಮಾರು 11 ಅಮೆರಿಕನ್ ಸೆಂಟ್. 10 ಟೆರಾಬೈಟ್‌ಗೆ ಇದು ಸುಮಾರು 1,100 ಡಾಲರ್ ಆಗುತ್ತದೆ. ಐರೋಪ್ಯ ಒಕ್ಕೂಟದ ದತ್ತಾಂಶ ಕಾನೂನಿನ ಒತ್ತಡ ಬಂದ ಮೇಲೆ 2024ರ ಆರಂಭದಲ್ಲಿ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ ಸೇವೆಯನ್ನು ಪೂರ್ತಿ ಬಿಟ್ಟು ಹೋಗುವ ಗ್ರಾಹಕರಿಗೆ ಈ ಶುಲ್ಕ ಮನ್ನಾ ಮಾಡುವುದಾಗಿ ಪ್ರಕಟಿಸಿದವು. ಆದರೆ ಎರಡು ಕ್ಲೌಡ್‌ಗಳ ನಡುವೆ ದಿನನಿತ್ಯ ದತ್ತಾಂಶ ಸಾಗಿಸುವ ಮಲ್ಟಿ ಕ್ಲೌಡ್ ಬಳಕೆದಾರರಿಗೆ ಈ ಮನ್ನಾದಿಂದ ಪ್ರಯೋಜನವಿಲ್ಲ. ಅವರ ಬಿಲ್ಲು ಸದ್ದಿಲ್ಲದೆ ಏರುವುದು ಇಲ್ಲಿಯೇ.

ಹೊಣೆ ತಪ್ಪಿಸಿಕೊಳ್ಳಲಾಗದು

ದತ್ತಾಂಶವನ್ನು ಯಾರ ಬಳಿ ಇಟ್ಟರೂ ಹೊಣೆ ಇಟ್ಟವರದ್ದೇ ಎಂಬುದು ಈಗ ಕಾನೂನು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಪ್ರಕಾರ, ಸೇವಾ ಕಂಪನಿಯೊಂದಿಗೆ ಏನೇ ಒಪ್ಪಂದ ಮಾಡಿಕೊಂಡಿದ್ದರೂ ಜನರಿಂದ ಮಾಹಿತಿ ಪಡೆದ ಸಂಸ್ಥೆಯೇ ಉತ್ತರದಾಯಿ. ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳು ಮುಖ್ಯ ಹೊಣೆಗಾರಿಕೆಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿವೆ. ದತ್ತಾಂಶದ ಪ್ರತಿ ಇಡುವುದನ್ನೂ ಆ ನಿಯಮಗಳು ಭದ್ರತಾ ಕ್ರಮಗಳಲ್ಲಿ ಸೇರಿಸಿವೆ. ಸೈಬರ್ ದಾಳಿ ನಡೆದರೆ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಳ್ಳಬೇಕು ಎಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲೇ ಸೂಚಿಸಿದೆ.

ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲ. ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಐಟಿ ಸೇವೆಗಳ ಹೊರಗುತ್ತಿಗೆ ಕುರಿತು ಹೊರಡಿಸಿದ ನಿರ್ದೇಶನ ಇವುಗಳಿಗೆ ಕಡ್ಡಾಯವಲ್ಲ. ಆದರೆ ಕ್ಲೌಡ್ ಒಪ್ಪಂದದಲ್ಲಿ ಏನಿರಬೇಕು, ಸೇವಾ ಕಂಪನಿಯನ್ನು ಬಿಟ್ಟು ಹೊರಬರುವ ದಾರಿ ಹೇಗಿರಬೇಕು ಎಂಬುದನ್ನು ಆ ನಿರ್ದೇಶನ ವಿವರವಾಗಿ ಹೇಳುತ್ತದೆ. ಕಡ್ಡಾಯವಲ್ಲದ ಸಂಸ್ಥೆಗಳೂ ಅದನ್ನು ಮಾದರಿಯಾಗಿ ಮುಂದಿಟ್ಟುಕೊಂಡರೆ ನಷ್ಟವೇನೂ ಇಲ್ಲ.

ಹಾಗಾದರೆ ಯಾವುದು?

ಸ್ವಂತ ಕೊಠಡಿಯುಳ್ಳ ಈ ಭಾಗದ ಸಂಸ್ಥೆಗಳಿಗೆ ಹೈಬ್ರಿಡ್ ದಾರಿಯೇ ಸೂಕ್ತ ಎಂಬುದು ಮೇಲಿನ ಲೆಕ್ಕಗಳಿಂದ ಹೊರಡುವ ತೀರ್ಮಾನ. ಕೌಂಟರ್‌ನ ವ್ಯವಹಾರ, ಆಸ್ಪತ್ರೆಯ ವಾರ್ಡ್, ಕಾರ್ಖಾನೆಯ ಯಂತ್ರ ಇವು ಊರಿನಲ್ಲೇ ನಡೆಯಲಿ. ಸಂಪರ್ಕ ಕಡಿದರೂ ಅವು ನಿಲ್ಲಬಾರದು. ಹೊರೆ ಏರಿಳಿಯುವ ಕೆಲಸಗಳು, ಜಾಲತಾಣ, ಮೊಬೈಲ್ ಸೇವೆ ಒಂದು ಕ್ಲೌಡ್‌ನಲ್ಲಿರಲಿ. ಮಲ್ಟಿ ಕ್ಲೌಡ್‌ನಿಂದ ಒಂದೇ ಒಂದು ಪಾಠವನ್ನು ಎರವಲು ತರೋಣ: ದತ್ತಾಂಶದ ಒಂದು ಪ್ರತಿ ಮೊದಲ ಕಂಪನಿಗೆ ಸಂಬಂಧವೇ ಇಲ್ಲದ ಇನ್ನೊಬ್ಬರ ಬಳಿ, ಬೇರೆ ಪಾಸ್‌ವರ್ಡ್‌ನಲ್ಲಿ, ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದ ರೀತಿಯಲ್ಲಿ ಇರಲಿ. ಸಂಗ್ರಹದ ಬಾಡಿಗೆ ಮಾತ್ರ ಕೊಡುವುದರಿಂದ ಇದರ ವೆಚ್ಚ ಹಗುರ.

ಗಾತ್ರಕ್ಕೆ ತಕ್ಕಂತೆ ಇದನ್ನು ಹೊಂದಿಸಿಕೊಳ್ಳಬೇಕು. ಸ್ವಂತ ತಂತ್ರಜ್ಞರ ತಂಡವಿರುವ ಕಾರ್ಖಾನೆ, ವೈದ್ಯಕೀಯ ಕಾಲೇಜುಗಳು ಮಧ್ಯವರ್ತಿ ವೇದಿಕೆಗಳ ಬಗ್ಗೆ ಯೋಚಿಸಬಹುದು. ಒಬ್ಬನೇ ಸಿಬ್ಬಂದಿಯಿರುವ ಸಂಘಕ್ಕೆ ಎರಡು ಸರ್ವರ್, ಒಂದು ಕ್ಲೌಡ್, ಹೊರಗೊಂದು ಪ್ರತಿ ಸಾಕು. ಕೇಂದ್ರದ ಸಾಮಾನ್ಯ ತಂತ್ರಾಂಶಕ್ಕೆ ಪೂರ್ತಿ ಸೇರಿದ ಸಣ್ಣ ಸಂಘಗಳೂ ತಮ್ಮ ಸದಸ್ಯರ ಖಾತೆಯ ಪ್ರತಿಯನ್ನು ಓದಬಲ್ಲ ರೂಪದಲ್ಲಿ ನಿಯತವಾಗಿ ಪಡೆಯುವ ಹಕ್ಕನ್ನು ಕೇಳಬೇಕು. 2025ರ ಫೆಬ್ರವರಿ ಆರಂಭದಲ್ಲಿ ಕಾವೇರಿ-2.0 ತಂತ್ರಾಂಶ ತೊಂದರೆಗೆ ಸಿಲುಕಿ ರಾಜ್ಯದಾದ್ಯಂತ ಆಸ್ತಿ ನೋಂದಣಿ ಕುಂಠಿತಗೊಂಡಾಗ ಉಪ ನೋಂದಣಾಧಿಕಾರಿ ಕಚೇರಿಗಳಿಗೆ ಪರ್ಯಾಯ ದಾರಿ ಇರಲಿಲ್ಲ. ಕೇಂದ್ರೀಕರಣದ ಅನುಕೂಲದ ಜೊತೆಗೇ ಬರುವ ಬೆಲೆಯದು.

ಈ ವೆಚ್ಚವೂ ಭಾರವೆನಿಸುವ ಸಂಘಗಳಿಗೆ ಇನ್ನೊಂದು ದಾರಿ ಅವರ ಪರಂಪರೆಯಲ್ಲೇ ಇದೆ. ಒಬ್ಬೊಬ್ಬ ಬೆಳೆಗಾರನೂ ಗೋದಾಮು ಕಟ್ಟಲಾಗದೆಂದು ಸೇರಿ ಕಟ್ಟಿದ ನಾಡಿದು. ಹತ್ತಿಪ್ಪತ್ತು ಸಂಘಗಳು ಸೇರಿ ಒಂದು ಸಾಮಾನ್ಯ ಹೊರ ಪ್ರತಿ ಕೇಂದ್ರವನ್ನೂ ಇಬ್ಬರು ನುರಿತ ತಂತ್ರಜ್ಞರನ್ನೂ ಹೊಂದುವುದು ಅಸಾಧ್ಯವೇನಲ್ಲ. ಬೆಂಗಳೂರಿಗೆ ಹೋದ ಊರಿನ ಮಕ್ಕಳಲ್ಲಿ ಮರಳಿ ಬರಲು ಕಾಯುತ್ತಿರುವವರಿಗೆ ಅದೊಂದು ಉದ್ಯೋಗವೂ ಆದೀತು.

ರಾಜ್ಯದ ಸಹಕಾರ ಕಾನೂನಿನಂತೆ ಪ್ರತಿ ಸಂಘವೂ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು. ಲಾಭಾಂಶ ಎಷ್ಟು ಎಂದು ಕೇಳುವ ಸದಸ್ಯರು ಈ ಬಾರಿ ಮೂರು ಪ್ರಶ್ನೆ ಹೆಚ್ಚುವರಿಯಾಗಿ ಕೇಳಲಿ. ನಮ್ಮ ಲೆಕ್ಕದ ಪ್ರತಿಗಳು ಎಷ್ಟಿವೆ, ಎಲ್ಲೆಲ್ಲಿವೆ? ಸೇವಾ ಕಂಪನಿಯನ್ನು ಬಿಡಬೇಕಾದರೆ ದತ್ತಾಂಶ ನಮಗೆ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ ಸಿಗುತ್ತದೆ? ಪ್ರತಿಯಿಂದ ಲೆಕ್ಕವನ್ನು ಮರಳಿ ಪಡೆಯುವ ಪರೀಕ್ಷೆಯನ್ನು ಕೊನೆಯದಾಗಿ ಮಾಡಿದ್ದು ಯಾವಾಗ? ಮೂರನೆಯದಕ್ಕೆ ದಿನಾಂಕ ಹೇಳಲಾಗದ ಆಡಳಿತ ಮಂಡಳಿ ಹೈಬ್ರಿಡ್ ಖರೀದಿಸಿದರೂ, ಮಲ್ಟಿ ಕ್ಲೌಡ್ ಖರೀದಿಸಿದರೂ, ಸದಸ್ಯನ ಪಾಲಿಗೆ ವ್ಯತ್ಯಾಸವೇನೂ ಇರದು.